ಒಂದೇ ಸೀಟಿನ ಗಾಡಿ

ಕೊಟ್ಟೂರಿನಲ್ಲಿ ಹರಪನಹಳ್ಳಿ ರಸ್ತೆಯ ಬದಿಗೆ ನನ್ನದೊಂದು ಕುಷನ್ ಅಂಗಡಿ. ಟ್ರ್ಯಾಕ್ಟರಿನ ಸೀಟು, ಆಟೋದ ಟಾಪು, ಅಳಿಯನಿಗೆ ಕೊಟ್ಟ ಹೊಸ ಬೈಕಿನ ಕವರು, ಎಲ್ಲ ಹೊಲಿದಿದ್ದೇನೆ. ಹೀಗೇ ಹೊಲಿಯುತ್ತ ಒಂದು ರೇಸು ಕಾರಿಗೂ ಸೀಟು ಮಾಡಿಕೊಟ್ಟೆ ಎಂದರೆ ಜನ ನಗುತ್ತಾರೆ. ನಗಲಿ. ತೊಂಬತ್ತರ ದಶಕದ ಕೊನೆಗೆ, ನಮ್ಮ ಪಕ್ಕದ ಗ್ಯಾರೇಜಿನ ತಗಡಿನ ಚಪ್ಪರದ ಕೆಳಗೆ ಅದು ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡವನು. ಕಂಡ ನನಗೇ ಒಮ್ಮೊಮ್ಮೆ ನಂಬಿಕೆ ಬರುವುದಿಲ್ಲ, ಕಾಣದವರ ಮಾತೇನು.

ಗ್ಯಾರೇಜು ಮೇಸ್ತ್ರಿಯದು. ಅವನ ಅಜ್ಜ ಜಟಕಾ ಕಟ್ಟುತ್ತಿದ್ದ, ಅಪ್ಪ ಲಾರಿ ರಿಪೇರಿ ಮಾಡುತ್ತಿದ್ದ, ಇವನು ಬಾಗಿಲಿಗೆ ಬಂದದ್ದನ್ನೆಲ್ಲ ಬಿಚ್ಚುತ್ತಿದ್ದ. ರಂಜಾನಿನ ಉಪವಾಸದಲ್ಲೂ ಇಂಜಿನ್ ಇಳಿಸುವ ಜಾತಿಯ ಮನುಷ್ಯ. ಒಮ್ಮೆ ಯಾವುದೋ ಲಾರಿಯ ಸಾಮಾನಿಗೆಂದು ಮದ್ರಾಸಿಗೆ ಹೋದವನು, ಅಲ್ಲಿ ಯಾರೋ ಕರೆದರೆಂದು ರೇಸು ನೋಡಿಕೊಂಡು ಬಂದ. ಆಮೇಲೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಶುರುಮಾಡಿದ.

"ಗಾಲಿ ಹೊರಗ ಅದಾವಲೇ. ಮೈ ಒಂದ್ಕಡಿ, ಗಾಲಿ ಒಂದ್ಕಡಿ. ಟಾಪಿಲ್ಲ, ಬಾಗ್ಲಿಲ್ಲ. ಮನುಷ್ಯಾ ಮಕ್ಕೊಂಡು ಓಡಿಸ್ತಾನ."

"ಮಕ್ಕೊಂಡು ಓಡ್ಸೋ ಲಾರಿ ಡ್ರೈವರ್ರು ನಮ್ಮಲ್ಲೂ ಬೇಕಾದಷ್ಟು ಅದಾರ," ಎಂದೆ.

ಅವನು ನಗಲಿಲ್ಲ. ಇವನಿಗೆ ಏನೋ ಹಿಡಿದಿದೆ ಎಂದು ನನಗೆ ಆಗಲೇ ತಿಳಿಯಬೇಕಿತ್ತು.

ಕೂಡ್ಲಿಗಿಯ ಹತ್ತಿರ ಪಲ್ಟಿ ಹೊಡೆದ ಒಂದು ಚಿಕ್ಕ ಕಾರಿನ ಇಂಜಿನ್ ತಂದ. ಕಬ್ಬಿಣದ ಪೈಪು ಕೊಯ್ದು, ವೆಲ್ಡಿಂಗ್ ಮಾಡಿ, ಉದ್ದನೆಯ ಪಂಜರದಂಥದ್ದೊಂದನ್ನು ನಿಲ್ಲಿಸಿದ. ಇಂಜಿನ್ ಹಿಂದೆ, ಮನುಷ್ಯ ಮುಂದೆ, ನಾಲ್ಕು ಗಾಲಿ ನಾಲ್ಕು ಮೂಲೆಗೆ ಬತ್ತಲೆ. ಚಹಾ ಕುಡಿಯಲು ಬಂದವರೆಲ್ಲ ಒಂದೊಂದು ಮಾತು ಬಿಟ್ಟು ಹೋಗುತ್ತಿದ್ದರು. "ಮಡ್‌ಗಾರ್ಡಿಗೆ ರೊಕ್ಕ ಸಾಲಲಿಲ್ಲೇನು ಮೇಸ್ತ್ರಿ?" ಎಂದು ಕೇಳದವರೇ ಇಲ್ಲ. ನಾನೂ ಕೇಳಿದ್ದೆ.

ಅದನ್ನು ಓಡಿಸಬೇಕಾದವನು ಆಗಲೇ ಗ್ಯಾರೇಜಿಗೆ ಬಂದು ಹೋಗುತ್ತಿದ್ದ. ಹಡಗಲಿಯವನು, ಮೂವತ್ತು ದಾಟಿದವನು. ತಾಯಿ ತಂದೆ ಇಲ್ಲದ ಅವನನ್ನು ಸಾಕಿದವಳು ಅವನ ಅಕ್ಕ. ಅವಳದು ಮಲ್ಲಿಗೆ ವ್ಯಾಪಾರ. ತೋಟಗಳಿಂದ ಮೊಗ್ಗು ಕೊಂಡು, ಒದ್ದೆ ಬಟ್ಟೆ ಹೊದಿಸಿ, ಅವು ಬಾಯಿಬಿಡುವ ಮೊದಲು ದಾವಣಗೆರೆ ಮುಟ್ಟಿಸಬೇಕು. ತಡವಾದರೂ ಹೂ ಹೋಯಿತು, ಗಾಡಿ ಕುಲುಕಿದರೂ ಹೂ ಹೋಯಿತು. ಅವನು ವ್ಯಾನು ಓಡಿಸುತ್ತಿದ್ದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಂದು ಹೂವಿನ ಪೇಟೆಯವರೇ ಹೇಳುತ್ತಿದ್ದರಂತೆ. ಅಕ್ಕ ಯಾವಾಗಲೂ ಪಕ್ಕದ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಮಾಲೆ ಕಟ್ಟುತ್ತಿದ್ದಳು.

ನಮ್ಮ ಕಡೆ ಸುಗ್ಗಿಯಲ್ಲಿ ಟಾರು ರಸ್ತೆಯೇ ಕಣ. ಕಿತ್ತ ಹುರುಳಿ ಗಿಡವನ್ನು ರಸ್ತೆಯ ತುಂಬ ಹರಡಿಬಿಡುತ್ತಾರೆ, ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ಮೇಲೆ ಒಣ ಹೊಟ್ಟು, ಕೆಳಗೆ ಉರುಳುವ ಕಾಳು. ಈ ಗಾಡಿ ಕಟ್ಟುವುದಕ್ಕೆ ಕೆಲವು ವರ್ಷ ಮೊದಲು, ಹೂ ಒಯ್ಯುವಾಗ, ಹರಪನಹಳ್ಳಿ ದಾಟಿದ ಮೇಲೆ ಅಂಥ ಕಡೆ ಅವನ ವ್ಯಾನಿಗೆ ಒಂದು ಮೇಕೆ ಅಡ್ಡ ಬಂತು. ಇವನು ಬ್ರೇಕು ಒತ್ತಿದ. ವ್ಯಾನು ಜಾರಿ ಹಳ್ಳಕ್ಕೆ ಮಗುಚಿತು. ಅಕ್ಕನ ಬಲ ಮೊಳಕೈ ಮುರಿಯಿತು. ಮೂಳೆ ಕೂಡಿತು, ಆದರೆ ಕೈ ಪೂರ್ತಿ ಚಾಚಲು ಬರಲಿಲ್ಲ. ಹೂ ಕಟ್ಟುವ ಕೈ ಅದು.

ಜಖಂ ಆದ ವ್ಯಾನು ಮೇಸ್ತ್ರಿಯ ಗ್ಯಾರೇಜಿಗೆ ಬಂತು. ಎರಡೂ ಸೀಟಿಗೆ ನಾನೇ ಹೊಸ ರೆಕ್ಸಿನ್ ಹೊಲಿದು ಪ್ಲಾಸ್ಟಿಕ್ ಹೊದಿಸಿ ಕೊಟ್ಟೆ. ರಿಪೇರಿ ಮುಗಿದರೂ ಅವನು ಹಡಗಲಿಗೆ ಹೋಗಲಿಲ್ಲ. ನಮ್ಮೂರಲ್ಲೇ ಒಂದು ಖೋಲಿ ಹಿಡಿದು, ಸಿಮೆಂಟು, ಗೊಬ್ಬರ, ಈರುಳ್ಳಿ ಸಾಗಿಸುತ್ತ ಉಳಿದ. ಚೀಲ ಎಷ್ಟು ಬೇಕಾದರೂ ಹೇರುತ್ತಿದ್ದ, ಪಕ್ಕದಲ್ಲಿ ಮಾತ್ರ ಯಾರನ್ನೂ ಕೂರಿಸುತ್ತಿರಲಿಲ್ಲ. ಅವನ ಸೀಟಿನ ಪ್ಲಾಸ್ಟಿಕ್ ಹರಿದು ಚಿಂದಿಯಾದರೂ ಪಕ್ಕದ ಸೀಟಿನದು ಹೊಸದಾಗಿಯೇ ಇತ್ತು. ಅಕ್ಕ ಹೂವಿನ ಬುಟ್ಟಿ ಹೊತ್ತುಕೊಂಡು ಬಸ್ಸಿಗೆ ಹೋಗುತ್ತಿದ್ದಾಳೆಂದು ಸುದ್ದಿ ಬರುತ್ತಿತ್ತು. ಇವನನ್ನು ಕೇಳಿದರೆ ಒಂದೇ ಮಾತು: "ಆಕಿ ಇನ್ನ ನನ್ನ ಗಾಡಿ ಹತ್ತಂಗಿಲ್ರಿ."

ರೇಸಿನ ಗಾಡಿ ಓಡಿಸುತ್ತೀಯಾ ಎಂದು ಮೇಸ್ತ್ರಿ ಕೇಳಿದಾಗ ಅವನು ಇಡೀ ಪಂಜರವನ್ನು ಒಂದು ಸುತ್ತು ಹಾಕಿ ನೋಡಿದ.

"ಇದರಾಗ ಎಷ್ಟು ಮಂದಿ ಕುಂದ್ರತಾರ?"

"ಒಬ್ಬನ."

"ಹಂಗಾದ್ರ ಓಡಿಸ್ತೀನಿ."

ಸೀಟಿನ ಕೆಲಸ ನನ್ನ ಪಾಲಿಗೆ ಬಂತು. ನಾನು ಅಳಿಯನ ಬೈಕಿಗೆ ಮಾಡಿದ ಹಾಗೆ ನಾಲ್ಕು ಬೆರಳು ದಪ್ಪ ಸ್ಪಂಜು ಹಾಕಿ, ಕೆಂಪು ಅಂಚು ಕೊಟ್ಟು ಹೊಲಿದೆ. ಅವನು ಕೂತು, ಇಂಜಿನ್ ಚಾಲೂ ಮಾಡದೆ ಹುಡುಗರಿಂದ ತಳ್ಳಿಸಿಕೊಂಡೇ ಒಂದು ತಿರುವು ಹೊಡೆದು ಬಂದು, "ಕಾಕಾ, ಗಾಡಿ ಎಡಕ್ಕ ಹೋದ್ರ ನಾ ಬಲಕ್ಕ ಹೊಂಟೀನಿ," ಎಂದ. ಸಿಟ್ಟು ಬಂತು. ಮಾಡಿದ ಕೆಲಸಕ್ಕೆ ಹೆಸರಿಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆದರೂ ಸ್ಪಂಜು ಕಿತ್ತೆಸೆದೆ. ಎರೆಮಣ್ಣು ತಂದು ನೀರು ಹಾಕಿ ತುಳಿದು, ಗೋಣಿಯಲ್ಲಿ ತುಂಬಿ, ಅದರ ಮೇಲೆ ಅವನನ್ನು ಒರಗಿಸಿ ಅಲುಗಾಡಬೇಡ ಎಂದೆ. ಬೆನ್ನು, ಪಕ್ಕೆ, ಸೊಂಟ ಎಲ್ಲ ಮಣ್ಣಿನಲ್ಲಿ ಮೂಡಿದವು. ಆ ಅಚ್ಚಿಗೆ ತಗಡು ಬಡಿದು, ತೆಳ್ಳಗೆ ರೆಕ್ಸಿನ್ ಸುತ್ತಿದೆ. ಆ ಸೀಟಿನಲ್ಲಿ ಲೋಕದಲ್ಲಿ ಅವನೊಬ್ಬನೇ ಕೂರಬಹುದಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಈ ಗಾಡಿ ನೋಡಿಯೇ ಹೇಳಿರಬೇಕು ಅನ್ನಿಸಿತು.

ಮೊದಲ ಸಲ ಇಂಜಿನ್ ಚಾಲೂ ಆದಾಗ ನಾನು ಕೈಯಲ್ಲಿದ್ದ ಕತ್ತರಿ ಕೆಳಗಿಡುವುದನ್ನೇ ಮರೆತೆ. ಅದೇ ಚಿಕ್ಕ ಕಾರಿನ ಇಂಜಿನ್, ದಿನಾ ರಸ್ತೆಯಲ್ಲಿ ಕೇಳುವಂಥದ್ದೇ. ಆದರೆ ಹೊದಿಕೆಯೆಲ್ಲ ತೆಗೆದ ಆ ಸದ್ದು ಚಪ್ಪರದ ತಗಡನ್ನು ನಡುಗಿಸಿ ನನ್ನ ಎದೆಯೊಳಕ್ಕೆ ಬಂತು. ಎದುರಿನ ಕಿರಾಣಿ ಅಂಗಡಿಯವನು ತಕ್ಕಡಿ ಹಿಡಿದುಕೊಂಡೇ ಹೊರಗೆ ಬಂದು ನಿಂತ. ಮೇಸ್ತ್ರಿ ಅಂಗೈಯನ್ನು ಪೈಪಿನ ಮೇಲಿಟ್ಟುಕೊಂಡು, ಕರು ಹಾಕಿದ ಹಸುವನ್ನು ಸವರುವವನ ಹಾಗೆ ನಿಂತಿದ್ದ. ಅವತ್ತಿನಿಂದ ನಾನು ಆ ಗಾಡಿಯನ್ನು ಗೇಲಿ ಮಾಡಲಿಲ್ಲ.

ಮೊದಲ ರೇಸಿಗೆ ಹೋದದ್ದು ಈರುಳ್ಳಿ ಲಾರಿಯಲ್ಲಿ, ಚೀಲಗಳ ನಡುವೆ. ಮದ್ರಾಸಿನ ಆಚೆಯ ಟ್ರ್ಯಾಕು ಅದು. ತಾವೇ ಕಟ್ಟಿಕೊಂಡು ಬಂದ ಗಾಡಿಗಳಿಗೆ ಅಲ್ಲಿ ಬೇರೆ ರೇಸು ಇತ್ತು. ಇಳಿಸಿದ ಕೂಡಲೇ ನಮ್ಮ ತಪ್ಪು ನಮಗೇ ಕಂಡಿತು. ಉಳಿದ ಗಾಡಿಗಳು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ್ದವು. ನಮ್ಮದು ಎತ್ತಿನ ಚಕ್ಕಡಿಯ ಹಾಗೆ ಎತ್ತರಕ್ಕೆ ನಿಂತಿತ್ತು. ಉಬ್ಬು ತಗ್ಗು, ಹಳ್ಳ, ಹುರುಳಿ ರಾಶಿ, ಇವಿಷ್ಟನ್ನೇ ರಸ್ತೆ ಎಂದು ತಿಳಿದ ಮೇಸ್ತ್ರಿ ಅದಕ್ಕೆ ತಕ್ಕ ಕಾಲು ಕೊಟ್ಟಿದ್ದ. ಗಾಡಿ ತಪಾಸಣೆ ಮಾಡುವವರು ಕೆಳಗೆ ಬಗ್ಗಿ ನೋಡಿ, ಅಡಿಯಲ್ಲಿ ನಾಯಿ ಮಲಗಬಹುದು ಎಂದು ನಕ್ಕರು. ತಿರುವಿನಲ್ಲೆಲ್ಲ ವಾಲಾಡಿ, ಅರ್ಧ ರೇಸಿಗೆ ಇಂಜಿನ್ ಕಾದು, ಗಾಡಿ ಹುಲ್ಲಿನ ಮೇಲೆ ನಿಂತುಬಿಟ್ಟಿತು.

ನನಗೆ ಆ ಅವಮಾನ ಮೈಗೆ ಹತ್ತಲಿಲ್ಲ. ನಿಜ ಹೇಳಬೇಕೆಂದರೆ ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಅಷ್ಟು ನುಣುಪಾದ ರಸ್ತೆ ಭೂಮಿಯ ಮೇಲೆ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ದೂರದಲ್ಲಿ ಜೇನಿನ ಹಾಗೆ ಗುಂಯ್ ಎನ್ನುತ್ತಿದ್ದ ಗಾಡಿಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಎದುರಿಗೆ ಬಂದು, ಗಾಳಿಯನ್ನೇ ಎಳೆದುಕೊಂಡು ಹೋಗುತ್ತಿದ್ದವು. ಮನುಷ್ಯರು ಇದನ್ನೂ ಮಾಡುತ್ತಾರಲ್ಲಾ ಎಂದು ಕಣ್ಣಲ್ಲಿ ನೀರು ಬಂತು.

ಊರಿಗೆ ಬಂದ ಮೇಲೆ ಮೇಸ್ತ್ರಿ ಗಾಲಿ ಹಿಡಿಯುವ ಕಡೆಯೆಲ್ಲ ಎರಡೆರಡು ತೂತು ಕೊರೆದ. "ಮ್ಯಾಲಿಂದು ಮದ್ರಾಸಿಗೆ, ಕೆಳಗಿಂದು ಕೊಟ್ಟೂರಿಗೆ," ಎಂದ. ಬೋಲ್ಟಿನ ತೂತು ಬದಲಿಸಿದರೆ ಗಾಡಿ ಏಳುತ್ತಿತ್ತು, ಕೂರುತ್ತಿತ್ತು. ನೀರಿನ ರೇಡಿಯೇಟರನ್ನು ಗಾಳಿ ಸಿಗುವ ಹಾಗೆ ಪಕ್ಕಕ್ಕೆ ತಂದ. ಎರಡನೆಯ ರೇಸಿನಲ್ಲಿ ಅದು ಕೊನೆಯವರೆಗೂ ಓಡಿತು, ಎಲ್ಲರಿಗಿಂತ ಹಿಂದೆ. ಗಾಡಿಯಲ್ಲಿ ಜೀವ ಇತ್ತು. ಆದರೆ ಜಾರುತ್ತದೆ ಅನ್ನಿಸಿದ ಕಡೆಯೆಲ್ಲ ಓಡಿಸುವವನ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು.

ಮೇಸ್ತ್ರಿ ಬಯ್ಯಲಿಲ್ಲ. ಸುಗ್ಗಿ ಬರುವ ತನಕ ಕಾದ. ಗುಡೇಕೋಟೆಯ ಕಡೆಗೆ ಒಂದು ಹಳ್ಳಿ ರಸ್ತೆಯಲ್ಲಿ ಹುರುಳಿ ಹರಡಿದ್ದನ್ನು ನೋಡಿ ಬಂದು, ಬೋಲ್ಟನ್ನು ಕೊಟ್ಟೂರಿನ ತೂತಿಗೆ ಹಾಕಿ, ಗಾಡಿಯನ್ನು ಅಲ್ಲಿಗೆ ಒಯ್ದ. ಓಡಿಸುವವನು ಹುರುಳಿ ನೋಡಿದ್ದೇ ಹಿಂದೆ ಸರಿದ.

"ಭಾಯ್, ಇದೊಂದು ಬ್ಯಾಡ."

"ಬೀಳೋದಾದ್ರ ಇಲ್ಲೇ ಬೀಳು. ಪಕ್ಕದಾಗ ಯಾರೂ ಇಲ್ಲ."

ಕೊನೆಗೆ ಅವನು ಸೀಟಿಗೆ ಇಳಿದು ನಿಧಾನವಾಗಿ ಹೊರಟ. ಮೊದಲು ಗಾಡಿ ಗಿರ್ರನೆ ತಿರುಗಿ ಬಂದ ದಾರಿಗೇ ಮುಖ ಮಾಡಿತು. ಮತ್ತೆ ಹೋದ, ಮತ್ತೆ ತಿರುಗಿತು. ಹುರುಳಿ ಬಳ್ಳಿ ಗಾಲಿಯ ನಡುವಿಗೆ ಸುತ್ತಿಕೊಂಡು, ರೈತರೇ ಕುಡುಗೋಲು ತಂದು ಕೊಯ್ದು ಬಿಡಿಸಿದರು. ಮೇಸ್ತ್ರಿ ಮರುದಿನ ಅಲ್ಲಿಗೆ ತಗಡಿನ ಬಳೆ ತೊಡಿಸಿದ. ರೈತರಿಗಂತೂ ಖುಷಿ. "ನಮ್ಮ ಹುರುಳಿ ಮ್ಯಾಲೂ ಒಂದೆರಡು ಸುತ್ತು ಬರ್ರಿ," ಎಂದು ಕರೆಯುತ್ತಿದ್ದರು. ಸುಗ್ಗಿ ಮುಗಿಯುವ ಹೊತ್ತಿಗೆ ಅವನು ಆ ಹೊಟ್ಟಿನ ಮೇಲೆ, ಬ್ರೇಕು ಮುಟ್ಟದೆ, ಸ್ಟೇರಿಂಗನ್ನು ಎರಡು ಬೆರಳಲ್ಲಿ ಹಿಡಿದು, ಮೀನಿನ ಹಾಗೆ ಹರಿದು ಹೋಗುತ್ತಿದ್ದ. ಹೇಗೆ ಕಲಿತೆ ಎಂದು ಕೇಳಿದೆ.

"ವ್ಯಾನಾಗ ಗಾಲಿ ಕಾಣಂಗಿಲ್ಲ ಕಾಕಾ. ಇದರಾಗ ಕಣ್ಣ ಮುಂದ ಅದಾವು. ಜಾರಾಕ ಮೊದ್ಲ ಅವು ಹೇಳ್ತಾವು."

ಮಡ್‌ಗಾರ್ಡ್ ಯಾಕಿಲ್ಲ ಎಂದು ಕೇಳಿದವರಿಗೆಲ್ಲ ಕೊಡಲು ಅವತ್ತು ನನಗೆ ಉತ್ತರ ಸಿಕ್ಕಿತು.

ಮೂರನೆಯ ರೇಸಿನ ದಿನ ಮದ್ರಾಸಿನಲ್ಲಿ ಮಳೆ. ಟ್ರ್ಯಾಕಿನ ಮೇಲೆ ನೀರು ಹಾಳೆಯ ಹಾಗೆ ನಿಂತಿತ್ತು. ನಾವು ಹೊರಟದ್ದು ಕೊನೆಯ ಸಾಲಿನಿಂದ. ಮೊದಲ ತಿರುವಿನಲ್ಲೇ ಎರಡು ಗಾಡಿ ಬುಗುರಿಯಾದವು. ಮುಂದಿನ ಸುತ್ತಿಗೆ ಇನ್ನೊಂದು ಹುಲ್ಲಿಗೆ ಹೋಯಿತು. ಮಳೆಯ ಹೊಗೆಯೊಳಗಿಂದ ನಮ್ಮ ಗಾಡಿ ಕಾಣಿಸಿದಾಗ ಅದು ಬೇರೆಯವರಷ್ಟು ಗದ್ದಲ ಮಾಡುತ್ತಿರಲಿಲ್ಲ. ತಿರುವಿನಲ್ಲಿ ಹಿಂದಿನ ಗಾಲಿ ಒಂಚೂರು ಜಾರುವುದು, ಅವನು ಜಾರಲು ಬಿಡುವುದು, ಆಮೇಲೆ ಗಾಡಿ ತಾನೇ ನೆಟ್ಟಗಾಗುವುದು. ಬುಟ್ಟಿ ತುಂಬ ಮೊಗ್ಗು ಇಟ್ಟುಕೊಂಡವನ ಹಾಗೆ ಓಡಿಸುತ್ತಿದ್ದ. ನಾನು ತಂತಿ ಬೇಲಿ ಹಿಡಿದುಕೊಂಡು ನೆನೆಯುತ್ತ ನಿಂತಿದ್ದೆ. ನನ್ನ ಜನ್ಮದಲ್ಲಿ ಅಷ್ಟು ಚೆಂದದ್ದನ್ನು ಇನ್ನೊಂದು ನೋಡಿಲ್ಲ. ಎರಡನೆಯವನಾಗಿ ಮುಗಿಸಿದ. ಒಂದಿಷ್ಟು ಸುತ್ತು ಹೆಚ್ಚಿದ್ದರೆ ಮೊದಲಿನವನನ್ನೂ ಹಿಡಿಯುತ್ತಿದ್ದ ಎಂದು ಮೇಸ್ತ್ರಿ ಇವತ್ತಿಗೂ ಜಗಳ ತೆಗೆಯುತ್ತಾನೆ.

ಅದಾದ ಮೇಲೆ ಗಾಡಿ ಇನ್ನೆರಡು ರೇಸು ಓಡಿ, ಬಿಸಿಲಿನಲ್ಲಿ ನಡುವಿನ ಜಾಗಗಳಲ್ಲಿ ಮುಗಿಸಿತು. ಆಮೇಲೆ ಅಂಥ ಇಂಜಿನ್ನಿನ ಗಾಡಿಗಳ ರೇಸನ್ನೇ ನಿಲ್ಲಿಸಿಬಿಟ್ಟರು. ಗಾಡಿ ಈಗಲೂ ಗ್ಯಾರೇಜಿನ ಮೂಲೆಯಲ್ಲಿದೆ. ಆದರೆ ನಾನು ಹೇಳಬೇಕೆಂದದ್ದು ಮಳೆಯ ರೇಸಿನ ಮುಂದಿನ ವಾರದ ಮಾತು.

ರೇಸಿನ ಸುದ್ದಿ ಹಡಗಲಿಗೂ ಮುಟ್ಟಿತ್ತು. ಒಂದು ಮಧ್ಯಾಹ್ನ ಅಕ್ಕ ಬಸ್ಸಿನಿಂದ ಇಳಿದು, ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು, ವಿಳಾಸ ಕೇಳುತ್ತ ನನ್ನ ಅಂಗಡಿಗೇ ಬಂದಳು. ಗ್ಯಾರೇಜಿಗೆ ಕರೆದೊಯ್ದೆ. ತಮ್ಮ ಎದ್ದು ನಿಂತ. ಅವಳು ಗಾಡಿಯ ಸುತ್ತ ನಡೆದಳು. ಮಡಚಿದ ಬಲಗೈಯಿಂದಲೇ ಮುಂದಿನ ಗಾಲಿ ಮುಟ್ಟಿದಳು.

"ನೀರಿನ್ಯಾಗ ಹ್ಯಾಂಗ ಬೀಳಲಿಲ್ಲೋ?"

"ಬ್ರೇಕ್ ಹಿಡೀಲಿಲ್ಲಕ್ಕ."

ಅವಳು ಒಳಗೆ ಬಗ್ಗಿ, ಅವನ ಮೈಯ ಅಚ್ಚಿನ ಸೀಟನ್ನು ಬಹಳ ಹೊತ್ತು ನೋಡಿದಳು.

"ನಾನೆಲ್ಲಿ ಕುಂದ್ರಲಿ?"

"ಇದರಾಗ ಒಂದ ಸೀಟಕ್ಕ." ಮತ್ತೆ ಹೇಳಿದ, "ನೀ ಹೆಂಗೂ ನನ್ನ ಗಾಡಿ ಹತ್ತಂಗಿಲ್ಲಲ್ಲ."

"ಹಂಗಂತ ಯಾರು ಹೇಳಿದ್ರು?"

"ಬಸ್ಸಿಗೆ ಹೋಗಾಕತ್ತೀಯಲ್ಲ."

"ಬಸ್ಸು ಬಾಗಿಲಿಗೆ ಬರ್ತತಿ, ಹೋಗ್ತೀನಿ. ನೀ ಬರಲಿಲ್ಲ," ಎಂದಳು ಅಕ್ಕ. "ಕೈ ಕಟ್ಟು ಬಿಚ್ಚಿದ ದಿನದಿಂದ ದಾರಿ ನೋಡೀನಿ."

ಮೇಸ್ತ್ರಿ ಬೋಲ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಆ ಕಡೆ ತಿರುಗಿದ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಇವನ ಮಾತನ್ನು ನಾವೆಲ್ಲ ನಂಬಿಕೊಂಡು ಕೂತಿದ್ದೆವು.

ಅವನು ವ್ಯಾನಿನ ಕೀಲಿ ತಂದ. ಅಕ್ಕ ತಾನೇ ಬಾಗಿಲು ತೆಗೆದು, ನಾನು ಹೊಲಿದ ಸೀಟಿನ ಮೇಲೆ ಕೂತಳು. ಕೂತವಳು ಕೆಳಗೆ ಬಗ್ಗಿ, ಕರಕರ ಎನ್ನುತ್ತಿದ್ದ ಪ್ಲಾಸ್ಟಿಕ್ಕಿನ ಅಂಚು ಹಿಡಿದೆಳೆದಳು. ಆ ಕೈಗೆ ಅದು ಪೂರ್ತಿ ಬರಲಿಲ್ಲ.

"ತೆಗೀಯೋ ಇದನ್ನ," ಎಂದಳು ತಮ್ಮನಿಗೆ. "ಸೆಕಿ ಆಗ್ತತಿ."