ಬೆಲ್ಲ-ನೀರಿನ ಪಾಠ

ಆಫ್ರಿಕಾದ ಮೊಂಬಾಸಾದಲ್ಲಿ ನನಗೆ ಮೊದಲು ಕೈಕೊಟ್ಟದ್ದು ಗರಗದ ಸೀರೆ. ಹುಬ್ಬಳ್ಳಿಯ ಚಳಿಗೆ ಬೆಚ್ಚಗೆ ಒದಗುತ್ತಿದ್ದ ಆ ದಪ್ಪ ಖಾದಿ ಅಲ್ಲಿಯ ಬೆವರಿಗೆ ಒದ್ದೆ ಗೋಣಿಚೀಲವಾಯಿತು. ಆಮೇಲೆ ಕೈಕೊಟ್ಟದ್ದು ನನ್ನ ಇಂಗ್ಲಿಷು. ಮ್ಯಾಟ್ರಿಕ್ ಮುಗಿಸಿದವಳೆಂಬ ಜಂಬ ನನಗಿತ್ತು. ಬಂದರಿನ ಹಡಗು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಯಜಮಾನರು ಅದನ್ನೇ ಎಲ್ಲೆಡೆ ಹೇಳಿ, ಅಲ್ಲಿ ನೆಲೆಸಿದ್ದ ನಮ್ಮ ದೇಶದವರ ಶಾಲೆಯಲ್ಲಿ ಎಳೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕೆಲಸ ಕೊಡಿಸಿದರು.

ಮಕ್ಕಳು ತಮ್ಮೊಳಗೆ ಗುಜರಾತಿ, ಕಚ್ಛಿ, ಸ್ವಾಹಿಲಿ ಮಾತಾಡುತ್ತಿದ್ದವು. ನನಗೆ ಮೂರೂ ಬಾರದು. ಹೆಡ್‌ಮಾಸ್ತರರು "ಇಂಗ್ಲಿಷ್ ಬಿಟ್ಟು ಬೇರೆ ಮಾತು ಬೇಡ" ಎಂದು ಅಪ್ಪಣೆ ಮಾಡಿ ತಮ್ಮ ಕೋಣೆಗೆ ಹೋಗಿ ಕೂತರು. ಅವರಿಗೇನು, ಹೇಳಿ ಕೂತರಾಯಿತು! ನಾನು "ಸಿಟ್ ಡೌನ್" ಎಂದರೆ ಮಕ್ಕಳು ನಿಂತೇ ನನ್ನ ಮುಖ ನೋಡುತ್ತಿದ್ದವು. ಒಂದು ಅತ್ತರೆ ಉಳಿದವೆಲ್ಲ ಅಳುತ್ತಿದ್ದವು. ಅವುಗಳ ನಡುವೆ ಕೂತು ನಾನೂ ಅತ್ತುಬಿಡಲೇ ಅನಿಸುತ್ತಿತ್ತು. ಅಳುವುದಕ್ಕೆ ನನ್ನದೇ ಕಾರಣವಿತ್ತು.

ನನ್ನ ಕೂಸನ್ನು ನಾನು ಹುಬ್ಬಳ್ಳಿಯಲ್ಲಿ ಬಿಟ್ಟು ಬಂದಿದ್ದೆ. ಹೊರಡುವ ವಾರದಲ್ಲೇ ಅದಕ್ಕೆ ನಾಯಿಕೆಮ್ಮು ಹತ್ತಿತ್ತು. "ಈ ಕೂಸು ಹಡಗಿನ ಗಾಳಿ ತಡಿಯಂಗಿಲ್ಲ. ನೀವು ಮುಂದ ಹೋಗ್ರಿ. ಮೈ ಗಟ್ಟಿ ಆಗೂದ ತಡ, ಯಾರರ ಕೂಡ ಕಳಸ್ತೀನಿ" ಎಂದರು ಅತ್ತೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇನ್ನೂ ಅಂಬೆಗಾಲಿಡುತ್ತಿದ್ದ ಮಗಳು ಅವರ ಕಂಕುಳಲ್ಲಿ ಕೂತು ನನಗೆ ಕೈ ಬೀಸಿದಳು. ರೈಲುಗಾಡಿ ಊರಾಚೆಯ ಉಣಕಲ್ ಕೆರೆ ದಾಟುವ ಹೊತ್ತಿಗೆ ಎದೆಹಾಲು ಸೋರಿ ನನ್ನ ಕುಪ್ಪಸ ತೊಯ್ದಿತ್ತು.

ಕೆಮ್ಮು ವಾಸಿಯಾಯಿತೆಂಬ ಸುದ್ದಿ ಬಂತು. ಅದರ ಬೆನ್ನಿಗೇ ಎರಡನೆಯ ಮಹಾಯುದ್ಧ ಬಂತು. ಹಡಗುಗಳಲ್ಲಿ ಸಿಪಾಯಿಗಳಿಗೆ ಜಾಗ, ಸಾಮಾನಿಗೆ ಜಾಗ, ತಾಯಿಗೆ ಮಾತ್ರ ಇಲ್ಲ. ದಿನವೆಲ್ಲ ಹಡಗುಗಳ ಲೆಕ್ಕ ಬರೆಯುವ ಮನುಷ್ಯನಿಗೆ ಹೆಂಡತಿಯನ್ನು ಒಂದು ಹಡಗು ಹತ್ತಿಸಲಾಗಲಿಲ್ಲ. ನಾನು ಅವರ ಮೇಲೆ ಹರಿಹಾಯ್ದೆ. ಅವರು ತಲೆ ತಗ್ಗಿಸಿ ಕೂತರು. ಬರಬರುತ್ತ ಹರಿಹಾಯುವುದನ್ನೂ ಬಿಟ್ಟೆ. ನನ್ನನ್ನು ತಿನ್ನುತ್ತಿದ್ದುದು ಒಂದೇ ಭಯ: ಮಗಳು ನನ್ನನ್ನು ಮರೆಯುತ್ತಾಳೆ.

ಶಾಲೆಯಲ್ಲಿ ದಿಕ್ಕು ತೋಚದೆ ಕೊನೆಗೆ ಹಿಡಿದದ್ದು ನಮ್ಮ ಮನೆಯ ಪದ್ಧತಿಯನ್ನು. ನಮ್ಮ ಕಡೆ ಬಿಸಿಲಲ್ಲಿ ಬಂದವರಿಗೆ ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ. ಮಾತೆಲ್ಲ ಆಮೇಲೆ. ಅದನ್ನೇ ಆಟ ಮಾಡಿದೆ. ಒಂದು ಮಗು ಅತಿಥಿಯಾಗಿ ಬಾಗಿಲು ತಟ್ಟಬೇಕು. ಇನ್ನೊಂದು "ಪ್ಲೀಸ್ ಕಮ್ ಇನ್, ಪ್ಲೀಸ್ ಸಿಟ್ ಡೌನ್" ಎಂದು ನೀರು, ಬೆಲ್ಲ ಕೊಡಬೇಕು. ಬೆಲ್ಲದ ಆಸೆಗೆ ಇಂಗ್ಲಿಷ್ ತಾನಾಗಿ ಬಂತು. ಒಬ್ಬ ತುಂಟ ಮಾತ್ರ ಬೆಲ್ಲ ತಿಂದು ಕುರ್ಚಿ ಬಿಟ್ಟು ಏಳಲೊಲ್ಲ. ಅವನ ಸಲುವಾಗಿ "ಐ ಮಸ್ಟ್ ಗೋ ಹೋಮ್ ನೌ" ಎಂಬ ಮಾತನ್ನು ಪಾಠದ ಕೊನೆಗೆ ಸೇರಿಸಿದೆ. ಅದನ್ನು ಹೇಳಿಯೂ ಅವನು ಕೂತೇ ಇರುತ್ತಿದ್ದ.

ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ನೋಡಿ ಹೊಗಳಿದರು. ನನಗೆ ಹೊಟ್ಟೆ ಉರಿಯಿತು. ಕಂಡವರ ಮಕ್ಕಳೆಲ್ಲ ನನ್ನ ಕೈಯ ಬೆಲ್ಲ ತಿಂದು ಮಾತು ಕಲಿಯುತ್ತಿದ್ದವು. ನನ್ನ ಮಗಳ ತೊದಲು ಮಾತು ಹೇಗಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಯುದ್ಧ ಮುಗಿದ ಮೇಲೆ, ಜಾಗ ಸಿಕ್ಕ ಹಡಗಿಗೆ, ಮನೆಗೆ ಒಂದು ಕಾಗದವನ್ನೂ ಹಾಕದೆ ಹೊರಟುಬಂದೆವು. ಗಾಡಿ ಧಾರವಾಡ ದಾಟಿ ಉಣಕಲ್ ಕೆರೆ ಕಂಡಿದ್ದೇ ತಡ, ಎದ್ದು ಬಾಗಿಲಿಗೆ ಹೋಗಿ ನಿಂತೆ. "ಇನ್ನ ಟೇಶನ್ ಬಂದಿಲ್ಲ, ಕೂಡು" ಎಂದರು ಯಜಮಾನರು. ಕೂಡಲಾಗಲಿಲ್ಲ. ದುರ್ಗದಬೈಲಿನ ಹಿಂದೆ ನಮ್ಮ ಓಣಿಯಲ್ಲಿ ಟಾಂಗಾ ನಿಂತಾಗ ಟ್ರಂಕು ಇಳಿಸುವುದನ್ನು ಅವರಿಗೇ ಬಿಟ್ಟು ಓಡಿದೆ.

ಕಟ್ಟೆಯ ಮೇಲೆ ಎರಡು ಜಡೆಯ ಹುಡುಗಿ ಕೂತಿದ್ದಳು. ಹಣೆಗೆ ವಿಭೂತಿ, ನನ್ನದೇ ಮೂಗು. ನನ್ನನ್ನು ಕಂಡು ಎದ್ದು ನಿಂತಳು.

"ಬರ್ರಿ. ಒಳಗ ಬಂದ ಕೂಡ್ರಿ."

ಅವಳು ಹೇಳಿದಂತೆ ಒಳಗೆ ಹೋಗಿ ಕೂತೆ. ಅವಳು ಅಡಿಗೆಮನೆಗೆ ಹೋಗಿ ಒಂದು ತಂಬಿಗೆ ನೀರು, ತಟ್ಟೆಯಲ್ಲಿ ಬೆಲ್ಲ ತಂದು, ನೀರು ಚೆಲ್ಲದ ಹಾಗೆ ನನ್ನ ಮುಂದೆ ಇಟ್ಟಳು. ಅತ್ತೆ ಎಷ್ಟು ಚೆನ್ನಾಗಿ ಕಲಿಸಿದ್ದರು!

"ನೀರ ಕುಡೀರಿ. ಅವ್ವ ಹಿತ್ತಲದಾಗ ಅದಾಳ್ರಿ, ಕರೀತೀನಿ."

ಅವಳು ಅವ್ವ ಎಂದು ಕರೆದುತಂದದ್ದು ನನ್ನ ಅತ್ತೆಯನ್ನು. ಅವರು ನನ್ನನ್ನು ಕಂಡವರೇ ಗೋಡೆ ಹಿಡಿದು ನಿಂತರು. "ಅಯ್ಯ ಹುಚ್ಚಿ, ಅಕೀನ ನಿಮ್ಮವ್ವ! ಹೋಗು, ತೊಡಿ ಮ್ಯಾಲ ಕೂಡ ಹೋಗು" ಎಂದು ಅಳುತ್ತಲೇ ಅವಳನ್ನು ನನ್ನ ಕಡೆ ದೂಡಿದರು. ಅವಳು ಅವರ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆ ಸರಿದಳು. ಅಲ್ಲಿಂದಲೇ ಇಣುಕಿ, ಬಹಳ ಮರ್ಯಾದೆಯಿಂದ ಕೇಳಿದಳು:

"ಹೊಳ್ಳಿ ನಿಮ್ಮ ಮನಿಗೆ ಯಾವಾಗ ಹೋಗ್ತೀರಿ?"

ಅತಿಥಿ ಹೇಳಬೇಕಾದ ಮಾತನ್ನು ಅಷ್ಟೊಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಅವಳು ಕೊಟ್ಟ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ಆ ತುಂಟನ ಹಾಗೆ ಏಳದೆ ಕೂತೆ.