ಅತ್ತೆಯ ಕೊನೆಯ ಗುಳಂಬ

ನಿಮ್ಮ ಅಜ್ಜ ತೀರಿಕೊಂಡ ಮೇಲಿನ ಮೊದಲ ಬೇಸಿಗೆ ಅದು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಉಪ್ಪಿನಕಾಯಿ ಹಾಕಬಾರದು, ಹಪ್ಪಳ ಸಂಡಿಗೆ ಮಾಡಬಾರದು, ಗುಳಂಬ ಕಾಸಬಾರದು. ಹೊರಗಿನವರು ಕೊಟ್ಟರೆ ತಿನ್ನಬಹುದು. ಎದುರುಮನೆಯ ತೆಲುಗು ಅಕ್ಕ ಒಂದು ಡಬ್ಬಿ ಆವಕಾಯ ಉಪ್ಪಿನಕಾಯಿ ಕೊಟ್ಟು ಹೋಗಿದ್ದರು. ಮತ್ತೇನೂ ಇರಲಿಲ್ಲ. ನನಗೂ ಬೇಕಿರಲಿಲ್ಲ. ಪ್ರತಿ ವರ್ಷ ಬುಟ್ಟಿಗಟ್ಟಲೆ ಹುಳಿ ಮಾವಿನಕಾಯಿ ಹೆರೆದು, ಬೆಲ್ಲದ ಪಾಕದ ಮುಂದೆ ನಿಂತು ತಿರುವಿ ತಿರುವಿ ಬಲಗೈ ಮಣಿಕಟ್ಟು ಕೆಟ್ಟುಹೋಗಿತ್ತು. ನೀವು ಚಪಾತಿಗೆ ಹಚ್ಚಿಕೊಂಡು 'ಅಜ್ಜಿ ಜಾಮ್' ಅನ್ನುತ್ತೀರಲ್ಲ, ಅದೇ ಗುಳಂಬ. ಆ ಬೇಸಿಗೆ ಅದನ್ನು ಮಾಡಬೇಕಾಗಿಲ್ಲ ಎಂದು ನನಗೆ ಒಳಗೊಳಗೇ ಹಾಯೆನಿಸಿತ್ತು.

ಮೊದಲ ಮಳೆ ಬಿದ್ದ ವಾರ ಊರಿನ ಆಚೆ ತುದಿಯ ಉಪ್ಪಲ್‌ನಿಂದ ಫೋನು ಬಂತು. ನೀವು ಉಪ್ಪಲ್ ಅಜ್ಜಿ ಎಂದು ಕರೆಯುವವರು ನಿಮ್ಮ ಅಜ್ಜನ ಅಕ್ಕ. ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ಕಾಮಾಲೆಯಾಗಿ ಆಸ್ಪತ್ರೆಯಲ್ಲಿದ್ದು ಅದೇ ಆಗ ಮನೆಗೆ ಬಂದಿದ್ದರು. ಫೋನು ಮಾಡಿದ್ದು ಅವರ ಸೊಸೆ.

"ಮಾಮಿ, ಅತ್ತಿಯಾರು ಬಾಯೇ ತೆಗೀವಲ್ರು. ಗಂಜಿ ಕೊಟ್ರ ಉಗುಳತಾರ. ಇನ್ನೆರಡು ದಿನ ಹಿಂಗ ಇದ್ರ ಮೂಗಿನ್ಯಾಗ ನಳಿಗಿ ಹಾಕಬೇಕಾಗತೈತಿ ಅಂದಾರ ಡಾಕ್ಟರು."

ಅಕ್ಕನ ಯಜಮಾನರಿಗೆ ಕಡೆಗಾಲದಲ್ಲಿ ಆ ನಳಿಗೆ ಹಾಕಿದ್ದರು. ಕಿತ್ತುಕೊಳ್ಳಬಾರದೆಂದು ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಅಕ್ಕ ಅದನ್ನೆಲ್ಲ ಪಕ್ಕದಲ್ಲೇ ಕೂತು ನೋಡಿದವರು. ತಮಗೆ ಮಾತ್ರ ಅದು ಬೇಡ ಎಂದು ಆಗಲೇ ಎಲ್ಲರಿಂದ ಮಾತು ತೆಗೆದುಕೊಂಡಿದ್ದರು.

"ಏನಾರ ಬೇಕಂತಾರೇನವ್ವಾ?" ಎಂದು ಕೇಳಿದೆ.

"ಒಂದ ಮಾತು ಹೇಳತಾರ ಮಾಮಿ. ಅವ್ವನ ಗುಳಂಬ ಉಳದೈತೇನು ಕೇಳು ಅಂತ."

ಉಳಿದಿತ್ತು. ನಮ್ಮ ಸನತ್‌ನಗರದ ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಹಿತ್ತಾಳೆ ಕೊಡದ ಹಿಂದೆ ಒಂದು ಸಣ್ಣ ಭರಣಿ ಇತ್ತು. ನೀವು ಕಂಡಿರಬಹುದು, ಮುಟ್ಟಿರಲಾರಿರಿ. ನನ್ನ ಅತ್ತೆ, ಅಂದರೆ ಅಕ್ಕನ ಅವ್ವ, ಬದುಕಿರುವ ತನಕ ಪ್ರತಿ ಬೇಸಿಗೆ ಊರಿನಿಂದ ಬಂದು ನಮ್ಮಲ್ಲಿ ತಿಂಗಳು ಇರುತ್ತಿದ್ದರು. ಗುಳಂಬ ಮಾಡುವುದು ಅವರ ಕೆಲಸ, ಹೆರೆಯುವುದು ನನ್ನದು. ಹಾಗೆ ಅವರು ಮಾಡಿಟ್ಟ ಕೊನೆಯ ಗುಳಂಬ ಅದು. ಆ ಮಳೆಗಾಲದಲ್ಲೇ ತೀರಿಹೋದರು. ಬೇರೆ ಭರಣಿಗಳು ಖಾಲಿಯಾದವು. ಇದೊಂದನ್ನು ನಿಮ್ಮ ಅಜ್ಜ ಮೇಲಿಟ್ಟುಬಿಟ್ಟರು. ತಾವೂ ತಿನ್ನಲಿಲ್ಲ, ಇನ್ನೊಬ್ಬರಿಗೆ ತಿನ್ನಲೂ ಬಿಡಲಿಲ್ಲ. "ಇರ್ಲಿ ಬಿಡು, ಅದೇನು ಊಟಾ ಕೇಳತೈತೇನು?" ಎನ್ನುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಈಗ ಬೇಡ ಅನ್ನುವವರು ಯಾರೂ ಇರಲಿಲ್ಲ.

ಸ್ಟೂಲು ಹತ್ತಿ ಇಳಿಸಿದೆ. ಬಾಯಿಗೆ ಕಟ್ಟಿದ್ದ ಬಿಳಿ ಬಟ್ಟೆ ಕಂದಾಗಿತ್ತು, ದಾರ ಮುಟ್ಟಿದ ಕೂಡಲೇ ಪುಡಿಯಾಯಿತು. ಮುಚ್ಚಳ ಅಂಟಿಕೊಂಡಿತ್ತು. ಬಿಸಿನೀರಿನ ಬಟ್ಟೆ ಸುತ್ತಿ ಬಿಡಿಸಬೇಕಾಯಿತು. ಒಳಗಿದ್ದದ್ದು ಡಾಂಬರಿನಷ್ಟು ಕಪ್ಪು. ಚಮಚ ಇಳಿಯಲಿಲ್ಲ. ಚಾಕು ಕಾಸಿ ಒಂದು ಚೂರು ಎಬ್ಬಿಸಿದೆ. ಬೂಸಲು ಇರಲಿಲ್ಲ. ವಾಸನೆ ಮಾತ್ರ ಬೆಲ್ಲದ ಅಂಗಡಿಯ ಗೋಣಿಚೀಲದ್ದು.

ಕಾಯಿಲೆಯವರಿಗೆ ಕೊಡುವ ಮೊದಲು ನಾನು ತಿಂದು ನೋಡಬೇಕಿತ್ತು. ಅದಕ್ಕೇ ತಿಂದೆ ಎಂದು ಬರೆದರೆ ಪೂರ್ತಿ ನಿಜವಲ್ಲ. ಹೇಗಿರಬಹುದೆಂದು ನನಗೂ ಆಸೆಯಿತ್ತು. ಬಾಯಿಗೆ ಹಾಕಿಕೊಂಡರೆ ಅತ್ತೆ ಎದುರಿಗೆ ಬಂದು ಕೂರುತ್ತಾರೆ, ಕಣ್ಣಲ್ಲಿ ನೀರು ಬರುತ್ತದೆ ಎಂದುಕೊಂಡಿದ್ದೆ. ಮೊದಲು ಹುಳುಕು ಹಲ್ಲು ಜುಮ್ಮೆಂದಿತು. ಆಮೇಲೆ ಹಳೇ ಬೆಲ್ಲ, ಸ್ವಲ್ಪ ಹೊಗೆ, ಸ್ವಲ್ಪ ಕಬ್ಬಿಣ. ಮಾವಿನ ಎಳೆಗಳು ಚರ್ಮದಂತೆ ಆಗಿದ್ದವು. ಹುಳಿ ಎಲ್ಲೋ ಹಿಂದೆ, ನುಂಗಿದ ಮೇಲೆ ಗಂಟಲಲ್ಲಿ ಒಂದಿಷ್ಟು ಸಿಕ್ಕಿತು. ಅತ್ತೆ ಬರಲಿಲ್ಲ. ಕೆಟ್ಟಿರಲಿಲ್ಲ, ಅಷ್ಟೇ. ಹೊಟ್ಟೆ ಏನನ್ನುತ್ತದೋ ನೋಡೋಣವೆಂದು ಮರುದಿನ ಬೆಳಿಗ್ಗೆಯ ತನಕ ಕಾದೆ. ಏನೂ ಆಗಲಿಲ್ಲ.

ಇನ್ನೊಂದಿಷ್ಟನ್ನು ಎಬ್ಬಿಸಿ, ಬಿಸಿನೀರು ಹನಿಸಿ ಮೆತ್ತಗೆ ಮಾಡಿ, ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಹೊರಟೆ. ಎರ್ರಗಡ್ಡ ಮೆಟ್ರೋದಲ್ಲಿ ಚೀಲ ನೋಡುವ ಹೆಂಗಸು ಡಬ್ಬಿ ತೆಗೆಸಿದಳು. "ಏಂದಮ್ಮಾ ಇದಿ?" ಎಂದಳು. ಸಿಹಿ ಎಂದೆ. ಮುಚ್ಚಳ ತೆಗೆದು ಮೂಸಿ ಮುಖ ಹಿಂದಕ್ಕೆ ಎಳೆದುಕೊಂಡಳು. "ಖರಾಬ್ ಹೋಗಯಾ ಅಮ್ಮಾ, ಪಾರೇಯ್" ಎಂದು ಬಿಸಾಡಲು ಹೇಳಿ ಒಳಗೆ ಬಿಟ್ಟಳು. ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸುವಾಗ ಮೆಟ್ಟಿಲು ಹತ್ತಲಾರದೆ ಲಿಫ್ಟಿಗೆ ನಿಂತೆ. ಬೇಗಂಪೇಟೆ ದಾಟಿದ ಮೇಲೆ ಕೂರಲು ಜಾಗ ಸಿಕ್ಕಿತು. ನಿಮ್ಮ ಅಜ್ಜ ಹೋದಾಗಿನಿಂದ ಎಲ್ಲಿ ಕೂತರೂ ಅಲ್ಲಿಂದ ಏಳಲು ಮನಸ್ಸಾಗುತ್ತಿರಲಿಲ್ಲ. ಉಪ್ಪಲ್ ಬಂದಾಗಲೂ ಆಗಲಿಲ್ಲ. ಎದ್ದೆ.

ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದರು. ಕೆನ್ನೆ ಒಳಗೆ ಹೋಗಿತ್ತು, ಕಣ್ಣು ಇನ್ನೂ ಹಳದಿ. ದನಿ ಮಾತ್ರ ಇಳಿದಿರಲಿಲ್ಲ.

"ಬಂದೇನು? ತಮ್ಮ ಹೋದ ಮ್ಯಾಲ ಈ ಕಡೆ ದಾರೀನೇ ಮರತಿದ್ದಿ."

"ಕಾಲು ಬರಂಗಿಲ್ಲರಿ ಅಕ್ಕಾರ."

"ನನಗ ಬಾಯಿ ಬರಂಗಿಲ್ಲ, ನಿನಗ ಕಾಲು ಬರಂಗಿಲ್ಲ. ಛೊಲೋ ಜೋಡಿ. ತಾ ಇಲ್ಲಿ."

ಸೊಸೆ ಎಬ್ಬಿಸಿ ಕೂರಿಸಿದಳು. ಚಮಚದ ತುದಿಯಲ್ಲಿ ಕೊಟ್ಟೆ. ಅಕ್ಕ ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಇಟ್ಟುಕೊಂಡರು. ಸೊಸೆ ನೋಡುತ್ತಿದ್ದಳು. ನಾನೂ ಅವರ ಗಂಟಲನ್ನೇ ನೋಡುತ್ತಿದ್ದೆ. ಗಂಟಲು ಅಲುಗಲಿಲ್ಲ. ಅಕ್ಕ ಬಟ್ಟಲು ಎಳೆದುಕೊಂಡು ಉಗುಳಿದರು.

"ಇದ ಯಾರು ಮಾಡ್ಯಾರ?"

"ಅವ್ವಾರದರಿ. ಮ್ಯಾಲ ಇತ್ತಲ್ಲ, ಆ ಭರಣಿ."

"ಸುಳ್ಳ ಹೇಳಬ್ಯಾಡ. ನಮ್ಮವ್ವನ ಗುಳಂಬ ನನಗ ಗೊತ್ತಿಲ್ಲೇನು? ಲವಂಗ ಎಲ್ಲೈತಿ ಇದರಾಗ? ನಮ್ಮವ್ವ ಲವಂಗ ಹಾಕದ ಮಾಡಿದಾಕೀನ ಅಲ್ಲ."

ಅತ್ತೆ ಏಲಕ್ಕಿ ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ. ಲವಂಗ ಹಾಕುವುದು ನನ್ನ ತವರಿನ ರೂಢಿ. ಅತ್ತೆ ಹೋದ ಮೇಲೆ ನಾನು ಮಾಡಲು ಶುರುಮಾಡಿದಾಗ ಹಾಕಿದ್ದು. ಅಂದಿನಿಂದ ಪ್ರತಿ ವರ್ಷ ಒಂದು ಭರಣಿ ಉಪ್ಪಲ್‌ಗೆ ಹೋಗುತ್ತಿತ್ತು, ಪ್ರತಿ ವರ್ಷ ಅಕ್ಕ ತಿಂದು, ಪಾಕ ಏರಿತು, ಪಾಕ ಇಳಿಯಿತು, ಅವ್ವನಂತೆ ಆಗಲಿಲ್ಲ ಎಂದು ಹೇಳಿ ಕಳಿಸುತ್ತಿದ್ದರು. ತಿನ್ನುತ್ತ ತಿನ್ನುತ್ತ ನನ್ನದೇ ಅವರ ಅವ್ವನದಾಗಿತ್ತು. ಅವರಿಗೆ ಅದು ಗೊತ್ತಿರಲಿಲ್ಲ. ನನಗೂ ಅವತ್ತಿನ ತನಕ ಗೊತ್ತಿರಲಿಲ್ಲ.

ಹತ್ತು ವರ್ಷದ ಹಿಂದೆ ಆಗಿದ್ದರೆ ಒಳಗೆ ಹೋಗಿ ಒಬ್ಬಳೇ ನಕ್ಕಿರುತ್ತಿದ್ದೆ. ಸಂಜೆ ನಿಮ್ಮ ಅಜ್ಜನಿಗೆ ಹೇಳಿರುತ್ತಿದ್ದೆ. ಅವತ್ತು ಖುಷಿಪಡಲು ಕೂಡ ಮೈಯಲ್ಲಿ ಶಕ್ತಿ ಇರಲಿಲ್ಲ. ಮರುದಿನ ಡಾಕ್ಟರು ಹೇಳಿದ ಎರಡನೇ ದಿನ. ಅಷ್ಟು ದೂರ ತಂದದ್ದು ಬಟ್ಟಲಲ್ಲಿತ್ತು.

"ಲವಂಗದ್ದು ಬೇಕೇನರಿ?" ಎಂದೆ.

"ಅವ್ವಂದು ಬೇಕು."

ಪ್ರತಿ ವರ್ಷ ನನ್ನ ಭರಣಿ ತೆರೆಯುತ್ತಿದ್ದ ಸೊಸೆಗೆ ಅಷ್ಟರಲ್ಲಿ ಎಲ್ಲ ತಿಳಿದಿತ್ತು. ಅವಳು ನನ್ನ ಮುಖ ನೋಡಿ, "ಮಾಮಿ, ನೀವು ಒಂದೀಟು ಮಾಡಿ ಕೊಡ್ರಿ. ಮಾವಿನಕಾಯಿ ನಾ ತರತೀನಿ" ಎಂದಳು.

"ವರ್ಷ ತುಂಬಿಲ್ಲವ್ವಾ. ನಮ್ಮನ್ಯಾಗ ಕಾಸಂಗಿಲ್ಲ."

ಈ ನಿಯಮಗಳನ್ನೆಲ್ಲ ನನಗೆ ಹೇಳಿಕೊಟ್ಟವರೇ ಅಕ್ಕ. ನಿಮ್ಮ ಅಜ್ಜ ಹೋದ ಹದಿಮೂರನೇ ದಿನ ನನ್ನನ್ನು ಕೂರಿಸಿಕೊಂಡು ಏನು ಮಾಡಬೇಕು, ಏನು ಮಾಡಬಾರದು ಎಂದು ಒಂದೊಂದಾಗಿ ಹೇಳಿದ್ದರು. ಅವರು ನನ್ನ ಮಾತು ಒಪ್ಪಿ ಗುಳಂಬದ ಆಸೆ ಬಿಡುತ್ತಾರೆ ಎಂದುಕೊಂಡೆ. ಅವರು ದಿಂಬಿಗೆ ಒರಗಿದರು.

"ವರ್ಷ ಇರೋದು ನಿನ್ನ ಮನಿಗಿ," ಎಂದರು. "ನನ್ನ ಒಲಿಗಿ ಏನೈತಿ? ನಾ ಕೊಟ್ಟ ಹೆಣ್ಣು. ನನ್ನ ಸೂತಕ ಎಂದೋ ಮುಗದೈತಿ. ಇಲ್ಲೇ ಮಾಡು."

"ಕೈ ನಂದಲ್ಲೇನರಿ?"

"ಕೈ ನಿಂದು, ಒಲಿ ನಂದು, ಬೆಲ್ಲ ನಂದು. ತಿನ್ನಾಕಿ ನಾನು. ನಿನಗೇನ ತ್ರಾಸು?"

ತ್ರಾಸು ಮಣಿಕಟ್ಟಿಗಿತ್ತು.

ಸೊಸೆ ಮಳೆಯಲ್ಲೇ ಹೋಗಿ ಕಾಯಿ ತಂದಳು. ಮಳೆ ಬಿದ್ದ ಮೇಲಿನ ಕಾಯಿ ಗುಳಂಬಕ್ಕೆ ಒಳ್ಳೆಯದಲ್ಲ, ನೀರು ಕುಡಿದಿರುತ್ತದೆ, ಇಟ್ಟರೆ ಉಳಿಯುವುದಿಲ್ಲ. ಆದರೆ ಅವತ್ತು ಇಡುವುದಕ್ಕೆ ಯಾರಿಗೆ ಬೇಕಿತ್ತು? ಸಿಪ್ಪೆ ತೆಗೆದು ಹೆರೆಯಲು ಕೂತೆ. ಎರಡನೇ ಕಾಯಿಗೇ ಕೈ ಹಿಡಿದುಕೊಂಡಿತು. ಎಡಗೈಯಲ್ಲಿ ಹೆರೆದೆ. ಸೊಸೆ ನಾನು ಮಾಡುತ್ತೇನೆ ಎಂದಳು. ಅವಳಿಗೆ ಎಳೆ ದಪ್ಪ ಬರುತ್ತಿತ್ತು. ಕಸಿದುಕೊಂಡು ಮತ್ತೆ ನಾನೇ ಹೆರೆದೆ. ಯಾಕೆ ಕಸಿದುಕೊಂಡೆನೋ. ದಪ್ಪ ಎಳೆಯಾದರೂ ನುಂಗಬಹುದಿತ್ತು.

ಬೆಲ್ಲ ಕರಗಿ ಕುದಿ ಬಂದ ಮೇಲೆ ವಾಸನೆ ಕೋಣೆಗೆ ಹೋಯಿತು. ಅಲ್ಲಿಂದ ಕೂಗು ಶುರುವಾಯಿತು.

"ಉರಿ ಸಣ್ಣ ಮಾಡು!"

"ಮಾಡೀನ್ರಿ."

"ಪಾಕ ನೋಡಾಕತ್ತೀಯೋ, ನಿದ್ದಿ ಮಾಡಾಕತ್ತೀಯೋ?"

"ನೋಡಾಕತ್ತೀನ್ರಿ."

"ಲವಂಗ ಕುಟ್ಟಿ ಹಾಕಬ್ಯಾಡ. ಅವ್ವ ಇಡೀದ ಹಾಕತಿದ್ದಳು."

ಸೊಸೆ ಬಾಯಿಗೆ ಸೆರಗು ಇಟ್ಟುಕೊಂಡಳು. ನಾನು ಇಡೀ ಲವಂಗ ನಾಲ್ಕು ಹಾಕಿದೆ. ನಾನು ಯಾವಾಗಲೂ ಹಾಕುವುದು ಇಡೀದನ್ನೇ.

ತಾಟಿನಲ್ಲಿ ಸ್ವಲ್ಪ ಆರಿಸಿ, ಒಂದು ತೆಳ್ಳನೆಯ ಚಪಾತಿ ಮಾಡಿ, ಸೊಸೆಯ ಕೈಯಲ್ಲಿ ಕಳಿಸಿದೆ. ಒಳಗೆ ಹೋಗಿ ನೋಡುವ ಧೈರ್ಯವಾಗಲಿಲ್ಲ. ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕಾಲು ಚಾಚಿದೆ. ಅಂಟು ಕೈಯನ್ನು ತೊಳೆಯಲೂ ಏಳಲಿಲ್ಲ. ಉಗುಳುವ ಬಟ್ಟಲಿನ ಸದ್ದಿಗೆ ಕಿವಿಗೊಟ್ಟಿದ್ದೆ. ಅದು ಬರಲಿಲ್ಲ. ಆಮೇಲೆ ಸೊಸೆ ಬಾಗಿಲಿಗೆ ಬಂದು ಖಾಲಿ ತಾಟು ತೋರಿಸಿದಳು. ಡಾಕ್ಟರಿಗೆ ಫೋನು ಮಾಡುತ್ತೇನೆಂದು ಮೊಬೈಲು ಹುಡುಕಲು ಹೋದಳು.

ನಾನು ಕಣ್ಣು ಮುಚ್ಚಿದೆ. ನೆಲ ತಣ್ಣಗಿತ್ತು.

"ಏ ತಂಗೀ, ಇನ್ನರ್ಧ ಚಪಾತಿ ಹಾಕು!" ಎಂದು ಅಕ್ಕ ಒಳಗಿನಿಂದ ಕೂಗಿದರು.

ನನಗೆ ಕೇಳಿಸಿತು. ಕೇಳಿಸದವಳಂತೆ ಕೂತೇ ಇದ್ದೆ. ಸೊಸೆ ಬಂದು ಒಲೆ ಹಚ್ಚಿದಳು.