ತನ್ನ ಸದ್ದನ್ನು ಕಳೆದು ಕೇಳುವ ಕಿವಿಯಕ್ಕ

ಮೊದಲ ಪಾಳಿಗೆ ಇನ್ನೂ ಹತ್ತು ನಿಮಿಷವಿದೆ. ನೂಲಿನ ಗಿರಣಿಯ ಎತ್ತರದ ಕಿಟಕಿಗಳಿಂದ ನಸುಬೆಳಕು ಇಳಿಯುತ್ತಿದೆ; ಹತ್ತಿಯ ಎಳೆಗಳು ಬೀಳಲು ಮನಸ್ಸಿಲ್ಲದೆ ತೇಲುತ್ತಿವೆ. ನಿಂತ ಯಂತ್ರಗಳ ನಡುವೆ ಐವತ್ತೆರಡು ವರ್ಷದ ಕಿವಿಯಕ್ಕ ಮರದ ಕೋಲು ಹಿಡಿದು ಕಣ್ಣು ಮುಚ್ಚಿದ್ದಾರೆ. ಅವರ ಎಡಗಿವಿಯಲ್ಲಿ ಸಣ್ಣಗೆ, ಎಡೆಬಿಡದೆ, ಕೊಂಯ್ ಎನ್ನುವ ಸದ್ದು.

"ಮೊದಲು ನನ್ನ ಸದ್ದೆಷ್ಟು ಅಂತ ತಿಳ್ಕೋಬೇಕು," ಎನ್ನುತ್ತಾರೆ. " ಆಮೇಲೆ ಯಂತ್ರದ್ದರಲ್ಲಿ ಅದನ್ನ ಕಳೀಬೇಕು."

ಅರವತ್ತನಾಲ್ಕು ಯಂತ್ರ, ಒಂದೊಂದಕ್ಕೆ ನಾಲ್ಕು ಬೇರಿಂಗ್. ಕೋಲಿನ ಒಂದು ತುದಿ ಬೇರಿಂಗಿಗೆ, ಇನ್ನೊಂದು, ಮೊದಲೆಲ್ಲ, ಕಿವಿಗೆ. ಹತ್ತು ಸೆಕೆಂಡಿನಂತೆ ಎಣಿಸಿದರೆ ನಲವತ್ತಮೂರು ನಿಮಿಷಕ್ಕೆ ಇಪ್ಪತ್ತು ಸೆಕೆಂಡು ಕಡಿಮೆ, ನಡಿಗೆ ಬೇರೆ. ಒಡೆಯಲಿರುವ ಬೇರಿಂಗನ್ನು ಮೊದಲೇ ಗುರುತಿಸುವುದು ಅವರ ಇಪ್ಪತ್ತಾರು ವರ್ಷಗಳ ಕಾಯಕ; ಕಿವಿಯಕ್ಕ ಎಂಬ ಹೆಸರು ಬಂದದ್ದೂ ಅದರಿಂದಲೇ.

ಕಳೆದ ವರ್ಷ ಹದಿನೇಳನೆಯ ಯಂತ್ರ ಕೂಗುತ್ತಿದೆಯೆಂದು ಅವರು ನಿಲ್ಲಿಸಿದರು. ಬಿಚ್ಚಿದರೆ ಬೇರಿಂಗ್ ಗಟ್ಟಿ. ಮರುವಾರ ಇನ್ನೊಂದು; ಅದೂ ಗಟ್ಟಿ.

"ಯಂತ್ರ ನೆಟ್ಟಗಿದೆ ಅಕ್ಕಾ, ನಿನ್ನ ಕಿವಿ ಬಿಚ್ಚೋಣ್ವಾ?" ಎಂದ ಫಿಟ್ಟರ್. ಮೂರನೆಯ ಸಲ ತಪ್ಪಿದರೆ ಈ ಕೆಲಸವಿಲ್ಲ ಎಂದರು ಮೇಸ್ತ್ರಿ.

"ಕಿವಿಮೊರೆತಕ್ಕೆ ಕಾರಣ ಒಂದೇ ಅಲ್ಲಮ್ಮ," ಎಂದರು, ಕಿವಿ ತೋರಿಸಲು ಹೋದಾಗ, ವೈದ್ಯೆ. "ಗುಗ್ಗೆ, ಸೋಂಕು, ರಕ್ತದೊತ್ತಡ, ಯಾವುದೋ ಮಾತ್ರೆ. ಒಂದೊಂದಾಗಿ ನೋಡೋಣ." ಗುಗ್ಗೆ ತೆಗೆದರು, ಉಳಿದವೂ ಒಂದೊಂದಾಗಿ ಪಟ್ಟಿಯಿಂದ ಹೋದವು, ಮೊರೆತ ಹೋಗಲಿಲ್ಲ. ವರ್ಷಗಳ ಗದ್ದಲಕ್ಕೆ ಒಳಗಿವಿಯ ನವಿರು ರೋಮಕೋಶಗಳು ಸವೆದಿದ್ದವು. ಹೊರಗಿನಿಂದ ಬಾರದ ಸದ್ದನ್ನು ಮೆದುಳು ತಾನೇ ಹಾಡಿಕೊಳ್ಳುತ್ತದಂತೆ.

"ಇನ್ನೂ ಹೆಚ್ಚಾಗಬಾರದು ಅಂದ್ರೆ ಕಿವಿ ಮುಚ್ಕೊಂಡು ಕೆಲಸ ಮಾಡಿ."

"ಕೇಳೋದೇ ನನ್ನ ಕೆಲಸ, ಡಾಕ್ಟ್ರೇ."

ದಾರಿ ಸಿಕ್ಕಿದ್ದು ಮನೆಯ ಗೋಡೆ ಗಡಿಯಾರದಲ್ಲಿ. ಕಿವಿಗೆ ದಪ್ಪ ಮುಚ್ಚಿಗೆ ಹಾಕಿ, ಗಡಿಯಾರಕ್ಕೆ ಆನಿಸಿದ ಕೋಲನ್ನು ದವಡೆಯೆಲುಬಿಗೆ ಒತ್ತಿದರು. ಟಿಕ್ ಟಿಕ್ ಎಲುಬಿನೊಳಗೆ ನಡೆದು ಬಂತು, ಕನಸಿನಲ್ಲಿ ಯಾರೋ ಮೆಟ್ಟಿಲು ಹತ್ತಿದಂತೆ.

"ಗಡಿಯಾರಕ್ಕೆ ಮುತ್ತು ಕೊಡ್ತಿದೀಯಾ?" ಎಂದರು ಗಂಡ.

ಗಿರಣಿಯಲ್ಲೂ ಹಾಗೆಯೇ ಮಾಡಿದರು: ಗದ್ದಲ ಮುಚ್ಚಿಗೆಯ ಹೊರಗೇ ಉಳಿಯಿತು; ಕಿವಿಯಲ್ಲಿ ತನ್ನ ಸದ್ದು, ಎಲುಬಿನಲ್ಲಿ ಯಂತ್ರದ್ದು. ಒಂದು ದಿನ ನಲವತ್ತೊಂದನೆಯ ಯಂತ್ರವನ್ನು ನಿಲ್ಲಿಸಿದರು. ಮೇಸ್ತ್ರಿ ಕೈಕಟ್ಟಿ ನಿಂತರು. ಬಿಚ್ಚಿದರೆ, ಬೇರಿಂಗಿನ ಒಂಬತ್ತು ಉಕ್ಕಿನ ಗುಂಡುಗಳಲ್ಲಿ ಒಂದು ಸೀಳಿತ್ತು. ಫಿಟ್ಟರ್ ಅದನ್ನು ಒರೆಸಿ ಅವರ ಅಂಗೈಗಿಟ್ಟ. "ತಗೋ ಅಕ್ಕಾ, ಓಲೆ ಮಾಡಿಸ್ಕೋ."

ಈಗ ಸೀಟಿ ಕೂಗುತ್ತದೆ. ಕಿವಿಯಕ್ಕ ಮುಚ್ಚಿಗೆ ಏರಿಸುವ ಮುನ್ನ ಅದನ್ನು ಎತ್ತಿ ತೋರಿಸುತ್ತಾರೆ.

"ಹೊಸದಾಗಿ ಸೇರೋರಿಗೆ ಇದನ್ನ ಮೊದಲ ದಿನವೇ ಕೊಡ್ಲಿ, ಅಷ್ಟು ಸಾಕು. ನನ್ನ ಸದ್ದು ನನಗೆ ಅಭ್ಯಾಸ ಆಗಿದೆ. ಅವರಿಗೆ ಬೆಳಗ್ಗೆ ಎದ್ದಾಗ ಇಂಥದ್ದೇನೂ ಕೇಳಿಸದೆ ಇರ್ಲಿ."